ಡೊಳ್ಳಿನ ಸದ್ದು ಕೇಳಿ ಅದರ ಆಕಾರ ಹೇಳ್ಬಹುದಾ?

ಪ್ರಶ್ನೆ: ಡ್ರಮ್ಮಿನ ಸ್ವರ ಎಲ್ಲಾ ಗೊತ್ತಿದ್ರೂ ಅದರ ಆಕಾರ ಹೇಳಕ್ಕಾಗಲ್ಲ ಅಂತ 1992ರಲ್ಲೇ ಪ್ರೂವ್ ಆಗಿದೆ. ಮತ್ತೆ ನಾನ್‌ಕಮ್ಯುಟೇಟಿವ್ ಜಿಯೊಮೆಟ್ರಿಯವರು ಆಪರೇಟರ್‌ನಿಂದ ಇಡೀ ಜಾಗಾನೇ ವಾಪಸ್ ಕಟ್ಬಹುದು ಅಂತಾರಲ್ಲ, ಎರಡೂ ಹೇಗೆ ನಿಜ?

ಸಾಗರದ ಎಂಎಸ್ಸಿ ಸ್ಟೂಡೆಂಟ್ ಒಬ್ರು ಕೇಳಿದ್ದು. ಈ ವಿಷಯ ಓದೋಕೆ ಶುರು ಮಾಡಿದೋರು ಹೆಚ್ಚುಕಮ್ಮಿ ಎಲ್ರೂ ಇಲ್ಲಿಗೆ ಬಂದು ನಿಲ್ತಾರೆ, ನಾನೂ ನಿಂತಿದ್ದೆ.

ಎರಡೂ ನಿಜ. ಮೊದಲನೇದು ಬೇಗ ಮುಗಿಸ್ತೀನಿ. ಸ್ವರಗಳು ಮೇಲೆ ಹೋಗ್ತಾ ಎಷ್ಟು ಒತ್ತೊತ್ತಾಗಿ ಬರ್ತವೆ ಅನ್ನೋದ್ರಿಂದ ಚರ್ಮದ ವಿಸ್ತೀರ್ಣ ಸಿಗುತ್ತೆ ಅಂತ 1911ರಲ್ಲೇ ಹರ್ಮನ್ ವೈಲ್ ತೋರಿಸಿದ್ರು. ಪೂರ್ತಿ ಆಕಾರ ಸಿಗುತ್ತಾ ಅಂತ 1966ರಲ್ಲಿ ಮಾರ್ಕ್ ಕಾಕ್ ಕೇಳಿದ್ರು, ಗಾರ್ಡನ್, ವೆಬ್, ವೋಲ್ಪರ್ಟ್ ಮೂರು ಜನ 1992ರಲ್ಲಿ ಇಲ್ಲ ಅಂದ್ರು, ಆಕಾರ ಬೇರೆ ಆದ್ರೂ ಸ್ವರ ಎಲ್ಲಾ ಒಂದೇ ಇರೋ ಎರಡು ಡ್ರಮ್ ತೋರಿಸಿಯೇ ಬಿಟ್ರು.

ಆದ್ರೆ ನಾನ್‌ಕಮ್ಯುಟೇಟಿವ್ ಜಿಯೊಮೆಟ್ರಿ, ಅಂದ್ರೆ ಗುಣಿಸೋ ಕ್ರಮ ತಿರುಗಿಸಿದ್ರೆ ಉತ್ತರ ಬದಲಾಗೋ ಆಲ್ಜಿಬ್ರಾಗಳಿಗೂ ಹೊಂದೋ ಜ್ಯಾಮಿತಿ ಕಟ್ಟಿದ ಗಣಿತಜ್ಞ ಅಲೆನ್ ಕಾನ್ ಬರೀ ಸ್ವರದ ಪಟ್ಟಿ ಇಟ್ಕೊಂಡು ಕೂತಿಲ್ಲ, ವ್ಯತ್ಯಾಸ ಪೂರ್ತಿ ಇಲ್ಲೇ ಇರೋದು. ಅವರ ಹತ್ರ ಮೂರು ಇವೆ: ಒಂದು ಹಿಲ್ಬರ್ಟ್ ಸ್ಪೇಸ್ (ಉದ್ದ, ಕೋನ ಅಳೆಯೋಕಾಗೋ ವೆಕ್ಟರ್‌ಗಳ ಸ್ಪೇಸ್), ಅದರ ಮೇಲೆ ಡಿರಾಕ್ ಆಪರೇಟರ್ ಡಿ (ಡ್ರಮ್ಮಿನ ಸ್ವರ ಕೊಡೋ ಆಪರೇಟರಿನ ವರ್ಗಮೂಲದ ಥರದ್ದು), ಅದೇ ಸ್ಪೇಸ್ ಮೇಲೆ ಕೆಲಸ ಮಾಡೋ ಫಂಕ್ಷನ್‌ಗಳ ಆಲ್ಜಿಬ್ರಾ, ಅಂದ್ರೆ ಒಳಗೊಳಗೇ ಕೂಡಿಸಿ ಗುಣಿಸಬಹುದಾದ ಗುಂಪು. ಸ್ವರದ ಪಟ್ಟಿ ಡಿ ಒಂದರಿಂದ್ಲೇ ಬರುತ್ತೆ. ಫಂಕ್ಷನ್‌ಗಳ ಜೊತೆ ಡಿ ಹೇಗೆ ಹೊಂದ್ಕೊಂಡಿದೆ, ಅಥವಾ ಹೊಂದ್ಕೊಂಡಿಲ್ಲ ಅನ್ನೋದು ಆ ಪಟ್ಟೀಲಿ ಇರಲ್ಲ.

ಹೊಂದ್ಕೊಳ್ದೇ ಇರೋದ್ರಲ್ಲೇ ದೂರ ಅಡಗಿದೆ. ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿಲೋಮೀಟರ್ ಅನ್ಕೊಳ್ಳಿ. ದಾರೀಲಿ ಬರೋ ಪ್ರತಿ ಜಾಗಕ್ಕೂ ನಿಮಗೆ ಬೇಕಾದ ನಂಬರ್ ಕೊಡಿ, ಕಂಡೀಷನ್ ಒಂದೇ, ಒಂದು ಕಿಲೋಮೀಟರ್‌ಗೆ ಒಂದಕ್ಕಿಂತ ಜಾಸ್ತಿ ಏರಬಾರದು, ಇಳೀಬಾರದು. ಆಯನೂರು, ಕುಂಸಿ, ಆನಂದಪುರ ದಾಟೋವಾಗ ಏನು ಬೇಕಾದ್ರೂ ಮಾಡಿ, ಎರಡು ತುದಿಯ ನಂಬರ್ ಮಧ್ಯೆ ವ್ಯತ್ಯಾಸ 70 ದಾಟಲ್ಲ, ಸರಿಯಾಗಿ 70 ಬರೋ ಹಾಗೆ ಕೊಟ್ರೆ ಅದೇ ರಸ್ತೆ ಬದಿ ಕಿಲೋಮೀಟರ್ ಕಲ್ಲು! ಅಂದ್ರೆ ದಾರಿ ಅಳೀದೇ, ಫಂಕ್ಷನ್‌ಗಳನ್ನ ಎಳೆದು ನೋಡಿ ದೂರ ಹೇಳಿದ ಹಾಗಾಯ್ತು.

ಕಿಲೋಮೀಟರ್‌ಗೆ ಅಂದ ಕೂಡ್ಲೇ ದೂರ ಒಳಗೆ ನುಗ್ಗಿತಲ್ಲ ಅಂತೀರಿ, ಸರಿಯಾಗೇ ಹಿಡಿದ್ರಿ. ಡಿ ಬೇಕಾಗೋದು ಆಗ್ಲೇ. ಒಂದು ಗೆರೆ ಮೇಲೆ ಡಿ ಅಂದ್ರೆ ಮೈನಸ್ ಐ ಸೇರಿಸ್ಕೊಂಡು ಡಿಫರೆನ್ಷಿಯೇಟ್ ಮಾಡೋದು, ಅಷ್ಟೇ. ಎಫ್ ಅನ್ನೋ ಒಂದು ಫಂಕ್ಷನ್ ತಗೊಳ್ಳಿ. ಮೊದ್ಲು ಎಫ್‌ನಿಂದ ಗುಣಿಸಿ ಆಮೇಲೆ ಡಿ ಹಾಕಿ, ಇನ್ನೊಂದ್ಸಲ ಮೊದ್ಲು ಡಿ ಹಾಕಿ ಆಮೇಲೆ ಎಫ್‌ನಿಂದ ಗುಣಿಸಿ, ಎರಡನ್ನೂ ಕಳೀರಿ, ಪ್ರಾಡಕ್ಟ್ ರೂಲ್ ಪ್ರಕಾರ ಉಳಿಯೋದು, ಆ ಮೈನಸ್ ಐ ಬಿಟ್ರೆ, ಎಫ್‌ನ ಇಳಿಜಾರು ಮಾತ್ರ. ಹೀಗೆ ಕಳೆದು ಉಳಿದದ್ದಕ್ಕೆ ಕಮ್ಯುಟೇಟರ್ ಅಂತಾರೆ, ಅದರ ನಾರ್ಮ್, ಅಂದ್ರೆ ಗಾತ್ರ (ಇಲ್ಲಿ ಅತಿ ಕಡಿದಾದ ಇಳಿಜಾರು), ಒಂದರೊಳಗೆ ಇರ್ಲಿ ಅಂದ್ರೆ ಸಾಕು, ಕಿಲೋಮೀಟರ್ ಅನ್ನೋ ಪದಾನೇ ಬೇಡ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟ ಆದ ಜಾಗ ಇದು.

ಜಾಗದ ಬಿಂದುಗಳು ಎಲ್ಲಿಂದ ಬಂದ್ವು? ಆಲ್ಜಿಬ್ರಾದಿಂದ, ಅದು ಗೆಲ್‌ಫಾಂಡ್ ಮತ್ತು ನೈಮಾರ್ಕ್ ಅವರ 1943ರ ಕೆಲಸ. ಆಲ್ಜಿಬ್ರಾ ಕಮ್ಯುಟೇಟಿವ್ ಆಗಿದ್ದು ಇನ್ನೊಂದಷ್ಟು ಕಂಡೀಷನ್ ಪೂರೈಸಿದ್ರೆ ಆ ಜಾಗ ನಿಜವಾಗ್ಲೂ ನುಣುಪಾದ ಮ್ಯಾನಿಫೋಲ್ಡೇ (ತೀರಾ ಹತ್ರದಿಂದ ನೋಡಿದ್ರೆ ಸಪಾಟಾಗಿ ಕಾಣೋ ಜಾಗ) ಅಂತ ಕಾನ್ 2008ರಲ್ಲಿ ಪ್ರೂಫ್ ಕೊಟ್ರು.

ಈಗ ದಾರೀನೇ ಇಲ್ಲದ ಕಡೆ ಬನ್ನಿ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರಲ್ಲಿ ಓಪನ್ ಆಗೋಕೆ ಮುಂಚೆ ಶರಾವತಿ ಹಿನ್ನೀರಿನ ಆ ದಡ ಈ ದಡ ಸೇರಿಸ್ತಿದ್ದದ್ದು ಲಾಂಚು. ಜಗತ್ತಲ್ಲಿ ಆ ಎರಡು ದಡ ಮಾತ್ರ ಇವೆ ಅನ್ಕೊಳ್ಳಿ, ಫಂಕ್ಷನ್ ಅಂದ್ರೆ ದಡಕ್ಕೊಂದು ನಂಬರ್. ಡಿ ಅಂದ್ರೆ ಎರಡಕ್ಕೆರಡರ ಮ್ಯಾಟ್ರಿಕ್ಸ್, ಕರ್ಣದ ಮೇಲೆ ಸೊನ್ನೆ, ಉಳಿದ ಎರಡು ಮನೇಲಿ ಎಂ ಅನ್ನೋ ಪಾಸಿಟಿವ್ ನಂಬರ್, ಅದೇ ನಮ್ಮ ಲಾಂಚು. ಕಮ್ಯುಟೇಟರ್‌ನ ನಾರ್ಮ್ ಲೆಕ್ಕ ಹಾಕಿದ್ರೆ ಎಂ ಇಂಟು ಎರಡು ನಂಬರಿನ ವ್ಯತ್ಯಾಸ ಬರುತ್ತೆ, ಅದು ಒಂದು ದಾಟಬಾರದು, ಹಾಗಾಗಿ ದೂರ ಅಂದ್ರೆ ಒಂದನ್ನ ಎಂನಿಂದ ಭಾಗಿಸಿದಷ್ಟು. ಎಂ ದೊಡ್ಡದಾದಷ್ಟೂ ದಡ ಹತ್ರ ಬರುತ್ತೆ. ಮಧ್ಯೆ ಒಂದು ಬಿಂದುವೂ ಇಲ್ಲ, ಆದ್ರೂ ದೂರ ಇದೆ.

ಫಂಕ್ಷನ್‌ಗಳ ಬದಲು ಗುಣಿಸೋ ಕ್ರಮ ತಿರುಗಿಸಿದ್ರೆ ಉತ್ತರ ಬದಲಾಗೋ ಮ್ಯಾಟ್ರಿಕ್ಸ್‌ಗಳನ್ನ ಕೂರಿಸಿದ್ರೂ ದೂರದ ಇದೇ ಫಾರ್ಮುಲಾ ನಡೆಯುತ್ತೆ. ಆಗ ಬಿಂದುಗಳು ಸಾಲದು, ಕ್ವಾಂಟಮ್ ಮೆಕ್ಯಾನಿಕ್ಸಲ್ಲಿ ಓದಿರ್ತೀರಲ್ಲ ಸ್ಟೇಟ್ ಅಂತ, ಅಂದ್ರೆ ಪ್ರತಿ ಅಳತೆಗೂ ಒಂದು ಸರಾಸರಿ ಬೆಲೆ ಕೊಡೋದು, ಅಂಥ ಎರಡು ಸ್ಟೇಟ್‌ಗಳ ಮಧ್ಯೆ ದೂರ ಅಳೀತೀವಿ.