ನಾಯಿಕೆಮ್ಮು: ಶ್ವಾಸನಾಳದ ಕಾಯಿಲೆ ಮಿದುಳನ್ನು ಮುಟ್ಟುವ ಬಗೆ

ಮಗು ಒಂದೇ ಉಸಿರಿನಲ್ಲಿ ಹತ್ತು, ಹದಿನೈದು ಸಲ ಕೆಮ್ಮುತ್ತದೆ. ನಡುವೆ ಉಸಿರು ಎಳೆದುಕೊಳ್ಳಲು ಬಿಡುವೇ ಇಲ್ಲ. ಮುಖ ಮೊದಲು ಕೆಂಪಾಗಿ ಆಮೇಲೆ ನೀಲಿಗಟ್ಟುತ್ತದೆ. ನಾಲಿಗೆ ಹೊರಗೆ ಚಾಚುತ್ತದೆ. ಕೊನೆಗೆ ಗಾಳಿ ಒಳಗೆ ನುಗ್ಗುವಾಗ ‘ಹೂಪ್’ ಅಂತ ಒಂದು ಸದ್ದು. ಹಿಂದೆಯೇ ವಾಂತಿ. ಇದೇ ನಾಯಿಕೆಮ್ಮು, ಡಾಕ್ಟರ ಮಾತಿನಲ್ಲಿ ಪರ್ಟುಸಿಸ್. ಹೆಸರಿನಲ್ಲಿ ನಾಯಿ ಇದ್ದರೂ ಇದು ಹರಡುವುದು ಮನುಷ್ಯರಿಂದಲೇ. ಎಳೆಗೂಸುಗಳಲ್ಲಿ ‘ಹೂಪ್’ ಸದ್ದು ಕೇಳದೆಯೂ ಇರಬಹುದು. ಕೆಮ್ಮು ಜಾಸ್ತಿ ಇಲ್ಲದೆಯೇ ಉಸಿರು ನಿಂತುಬಿಡಬಹುದು. ನನಗೆ ಹೆಚ್ಚು ಭಯ ಅದರದ್ದೇ.

ಈ ರೋಗಾಣುವನ್ನು 1906ರಲ್ಲಿ ಬೆಲ್ಜಿಯಂನ ಬೋರ್ಡೆ ಮತ್ತು ಜೆಂಗೂ ಬೇರ್ಪಡಿಸಿ ಬೆಳೆಸಿದರು. ಅದು ಶ್ವಾಸನಾಳದ ಒಳಗಿನ ಸಣ್ಣ ಕೂದಲುಗಳಿಗೆ ಅಂಟಿಕೊಂಡು ಅಲ್ಲೇ ಬೀಡುಬಿಡುತ್ತದೆ. ಸಾಮಾನ್ಯವಾಗಿ ಮಿದುಳಿಗೆ ಹೋಗುವುದಿಲ್ಲ. ಹಾಗಿದ್ದರೂ ಕೆಲವು ಮಕ್ಕಳಿಗೆ ಫಿಟ್ಸ್ ಬರುತ್ತದೆ, ಎಚ್ಚರ ತಪ್ಪುತ್ತದೆ. ಇದಕ್ಕೆ ವೈದ್ಯರು ಹೇಳುವ ಪದ ‘ಎನ್ಸೆಫಲೋಪತಿ’, ಅಂದರೆ ಮಿದುಳಿನ ಕೆಲಸ ಹದಗೆಡುವುದು. ‘ಎನ್ಸೆಫಲೈಟಿಸ್’ ಬೇರೆ. ಅದು ಮಿದುಳಿನ ಉರಿಯೂತ. ಎರಡನ್ನೂ ‘ಮಿದುಳು ಜ್ವರ’ ಅಂತ ಒಂದೇ ಚೀಲಕ್ಕೆ ತುಂಬಿದರೆ ಗೊಂದಲವೇ. ನಾಯಿಕೆಮ್ಮಿನಲ್ಲಿ ಮುಖ್ಯವಾಗಿ ಕಾಣುವುದು ಮೊದಲನೆಯದು. ಕೆಮ್ಮಿನ ಹೊಡೆತಕ್ಕೆ ಆಮ್ಲಜನಕ ಸಾಲದೆ ಹೋಗುವುದು, ತಲೆಯೊಳಗೆ ಒತ್ತಡ ಏರಿ ರಕ್ತ ಒಸರುವುದು ಇದಕ್ಕೆ ಕಾರಣಗಳಾಗಬಹುದು. ಜತೆಗೆ ರೋಗಾಣುವಿನ ವಿಷದ ಮೇಲೂ ಅನುಮಾನವಿದೆ.

ಮಿದುಳಿನ ಈ ತೊಂದರೆಯಲ್ಲಿ ದೇಹದ ರೋಗನಿರೋಧಕ ಶಕ್ತಿಯ ಕೈವಾಡವೂ ಇರಬಹುದೇ ಎಂಬ ಮಾತಿದೆ. ಅದು ಎಲ್ಲಿಂದ ಬಂತು? ಆ ವಿಷದಿಂದಲೇ. ಪರ್ಟುಸಿಸ್ ಟಾಕ್ಸಿನ್ ಬಿಳಿ ರಕ್ತಕಣಗಳ ಓಡಾಟವನ್ನೇ ಕೆಡಿಸುತ್ತದೆ. ಅವು ರಕ್ತದಿಂದ ಹೊರಗೆ ಹೋಗಲಾರದೆ ಅಲ್ಲೇ ಗುಂಪುಗೂಡುತ್ತವೆ. ರಕ್ತಪರೀಕ್ಷೆಯಲ್ಲಿ ಲಿಂಫೋಸೈಟುಗಳೆಂಬ ಬಿಳಿ ಕಣಗಳ ಲೆಕ್ಕ ವಿಪರೀತ ಏರುವುದು ಇದಕ್ಕೇ.

ವಿಜ್ಞಾನಿಗಳು ಇದೇ ವಿಷವನ್ನು ಪ್ರಯೋಗಾಲಯದಲ್ಲಿ ಬಳಸುತ್ತಾರೆ. ಇಲಿಗೆ ನರಗಳ ಹೊದಿಕೆಯ ಪ್ರೋಟೀನನ್ನು, ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಎಣ್ಣೆಯ ಮಿಶ್ರಣದ ಜತೆ ಚುಚ್ಚುತ್ತಾರೆ. ಮೇಲೆ ಒಂದಿಷ್ಟು ಈ ಟಾಕ್ಸಿನ್. ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಸಡಿಲವಾಗುತ್ತದೆ. ಒಂದೆರಡು ವಾರದಲ್ಲಿ ಬಾಲ ಜೋತುಬೀಳುತ್ತದೆ, ಆಮೇಲೆ ಹಿಂಗಾಲು. ಇಲಿಯ ಸ್ವಂತ ರಕ್ಷಣಾ ಕಣಗಳೇ ಅದರ ಮಿದುಳು ಮತ್ತು ಬೆನ್ನುಹುರಿಯ ಮೇಲೆ ಬೀಳುತ್ತವೆ. ರಕ್ಷಣಾ ಕಣಗಳೇ ನರಗಳ ಹೊದಿಕೆಯನ್ನು ಕೆಡಿಸುವ ಮನುಷ್ಯರ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೀರೋಸಿಸ್ ಅರ್ಥಮಾಡಿಕೊಳ್ಳಲು ಇದೊಂದು ಮಾದರಿ. ಆದರೆ ಇಲ್ಲಿ ಮೂರನ್ನೂ ಬೇಕಂತಲೇ ಕೂಡಿಸಿದ್ದಾರೆ. ನಾಯಿಕೆಮ್ಮು ಬಂದವರಿಗೆಲ್ಲ ಹೀಗಾಗುತ್ತದೆ ಅಂತ ಇದರಿಂದ ಹೇಳಲಾಗದು.

ಲಸಿಕೆಯ ಮೇಲೂ ಇಂಥದೇ ಅಪವಾದ ಬಂದಿತ್ತು. 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ನಾಯಿಕೆಮ್ಮಿನ ಲಸಿಕೆ ಮಿದುಳು ಕೆಡಿಸುತ್ತದೆ ಎಂಬ ಭಯ ಹಬ್ಬಿತು. ಸಾಕಷ್ಟು ತಂದೆತಾಯಿ ಹಿಂದೆ ಸರಿದರು. ಕಾಯಿಲೆ ದೊಡ್ಡದಾಗಿ ಮರಳಿತು, ಮಕ್ಕಳು ತೀರಿಕೊಂಡರು. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು, ಲಸಿಕೆಯಿಂದ ಮಿದುಳು ಕೆಟ್ಟಿತು ಎನ್ನಲಾಗಿದ್ದ 14 ಮಂದಿಯ ಜೀನ್ ಪರೀಕ್ಷಿಸಿದರು. 11 ಮಂದಿಯಲ್ಲಿ ತೀವ್ರ ಅಪಸ್ಮಾರ ತರುವ ಜೀನ್ ದೋಷ ಸಿಕ್ಕಿತು. ಆ ಮನೆಯವರು ಅಷ್ಟು ವರ್ಷ ಚುಚ್ಚುಮದ್ದನ್ನೇ ಶಪಿಸುತ್ತಾ, ಹಾಕಿಸಿದ್ದಕ್ಕೆ ತಮ್ಮನ್ನೇ ಹಳಿದುಕೊಂಡು ಎಷ್ಟು ನೊಂದಿರಬೇಕು, ಅಲ್ವಾ?

ನಮ್ಮಲ್ಲಿ 6, 10, 14ನೇ ವಾರಕ್ಕೆ ಪೆಂಟಾವಲೆಂಟ್ ಲಸಿಕೆ ಕೊಡುತ್ತಾರೆ. ನಾಯಿಕೆಮ್ಮಿನ ಮದ್ದು ಅದರಲ್ಲೇ ಇದೆ. ಒಂದೂವರೆ ವರ್ಷದ ಆಸುಪಾಸಿನಲ್ಲಿ ಮತ್ತು ಐದು ದಾಟಿದ ಮೇಲೆ ಡಿಪಿಟಿ ಬೂಸ್ಟರ್. ಮೊದಲ ಆರು ವಾರದ ಕೂಸಿಗೆ ಮಾತ್ರ ಸ್ವಂತ ರಕ್ಷಣೆ ಇರುವುದಿಲ್ಲ. ಬಸುರಿನಲ್ಲಿ ತಾಯಿ ಟಿಡ್ಯಾಪ್ (ನಾಯಿಕೆಮ್ಮಿನ ಲಸಿಕೆಯೂ ಸೇರಿದ ಚುಚ್ಚುಮದ್ದು) ಹಾಕಿಸಿಕೊಂಡರೆ ಅವಳ ಪ್ರತಿಕಾಯಗಳು ಕೂಸಿಗೂ ದಾಟುತ್ತವೆ.