ಹಠವೋ, ಛಲವೋ, ಮೊಂಡುತನವೋ?

ಮಕ್ಕಳ ಮನಃಶಾಸ್ತ್ರಜ್ಞೆಯಾಗಿ ನಾನು ದಿನವೂ ಕೇಳುವ ಮೊದಲ ಮಾತು ಹೆಚ್ಚಾಗಿ ಒಂದು ಬಿರುದು. ‘ಇವನು ಬಲು ಮೊಂಡ.’ ‘ಇವಳಿಗೆ ಸಂಕೋಚ ಜಾಸ್ತಿ.’ ‘ಓದಿನಲ್ಲಿ ಶುದ್ಧ ಸೋಮಾರಿ.’ ಮಗು ಪಕ್ಕದಲ್ಲೇ ಕುಳಿತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿರುತ್ತದೆ. ತಂದೆತಾಯಿ ಸುಳ್ಳು ಹೇಳುತ್ತಿರುವುದಿಲ್ಲ, ಅವರು ಕಂಡದ್ದು ನಿಜವೇ. ಆದರೆ ಅದಕ್ಕೆ ಒಪ್ಪುವಂತೆ ತೋರುವ ಮೂರು ನಾಲ್ಕು ಪದಗಳಲ್ಲಿ ಮೊದಲು ಬಾಯಿಗೆ ಬಂದದ್ದನ್ನು ಅಂಟಿಸಿಬಿಟ್ಟಿರುತ್ತಾರೆ. ಹೊರಗಿನಿಂದ ನೋಡಿದರೆ ಆ ಪದಗಳೆಲ್ಲ ಒಂದೇ ವರ್ತನೆಯನ್ನು ಹೇಳುತ್ತವೆ. ವರ್ತನೆಯ ಹಿಂದಿನ ಕಾರಣ ಮಾತ್ರ ಒಂದೊಂದರದು ಒಂದೊಂದು. ಕಾರಣ ಬೇರೆಯಾದರೆ ದೊಡ್ಡವರು ಮಾಡಬೇಕಾದದ್ದೂ ಬೇರೆ. ಪದದ ಆಯ್ಕೆಯ ವಿಷಯದಲ್ಲಿ ನಾನು ಬಿಗಿಯಾಗಿರುವುದು ಅದಕ್ಕಾಗಿಯೇ.

ಹಠ, ಛಲ, ಮೊಂಡುತನಗಳನ್ನೇ ತೆಗೆದುಕೊಳ್ಳಿ. ಮೂರರಲ್ಲೂ ‘ಬಿಡುವುದಿಲ್ಲ’ ಎಂಬುದೇ ತಿರುಳು. ಹಠಕ್ಕೆ ಎದುರಿಗೊಬ್ಬರು ಇರಲೇಬೇಕು. ಅಳುತ್ತಿದ್ದ ಮಗು ಅಮ್ಮ ಆಚೆ ಹೋದಾಗ ಸುಮ್ಮನಾಗಿ, ಅವಳ ಹೆಜ್ಜೆಯ ಸಪ್ಪಳ ಕೇಳಿದ ಕೂಡಲೇ ಮತ್ತೆ ರಾಗ ಎಳೆದರೆ ಅದು ಹಠ. ಅಲ್ಲಿ ಬೇಡಿಕೆಗಿಂತ ಅಮ್ಮನ ಸೋಲು ಮುಖ್ಯವಾಗಿರುತ್ತದೆ. ಛಲಕ್ಕೆ ನೋಡುವವರು ಬೇಕಿಲ್ಲ, ಅದರ ಕಣ್ಣು ಗುರಿಯ ಮೇಲೆ. ಮೊಂಡುತನಕ್ಕೆ ಗುರಿಯೂ ಸ್ಪಷ್ಟವಿರುವುದಿಲ್ಲ, ಹಿಡಿದ ದಾರಿಯನ್ನು ಬಿಡಲು ಆಗುವುದಿಲ್ಲ, ಅಷ್ಟೇ.

ಎಂಟು ವರ್ಷದ ಒಬ್ಬ ಹುಡುಗನನ್ನು ‘ಮಹಾ ಮೊಂಡ’ ಎಂದು ಕರೆತಂದಿದ್ದರು. ಕೆಂಪು ಬಿಳಿ ಬ್ಲಾಕ್‌ಗಳನ್ನು ಕೊಟ್ಟು, ಕಾರ್ಡಿನಲ್ಲಿದ್ದ ವಿನ್ಯಾಸವನ್ನು ಜೋಡಿಸಲು ಹೇಳಿದೆ. ಅವನ ವಯಸ್ಸಿಗೆ ಅದು ಸ್ವಲ್ಪ ಕಠಿಣವೇ. ಮೇಲಿನ ಮೂಲೆಯಿಂದ ಶುರು ಮಾಡಿದ, ಕೂಡಲಿಲ್ಲ. ‘ಸಾಕು, ಬಿಡು’ ಎಂದಾಗ ಬ್ಲಾಕ್‌ಗಳ ಮೇಲೆ ಅಂಗೈ ಮುಚ್ಚಿದ. ಹಿಂದೆ ಕುಳಿತಿದ್ದ ತಂದೆ ‘ನೋಡಿದಿರಾ ಮೇಡಂ, ಹೇಳಿದ ಮಾತು ಕೇಳುವುದೇ ಇಲ್ಲ’ ಎಂದರು. ನಾನು ನೋಡುತ್ತಿದ್ದದ್ದು ಅವನ ಇನ್ನೊಂದು ಕೈಯನ್ನು. ಅದು ಕಟ್ಟಿದ್ದನ್ನೆಲ್ಲ ಕೆಡವಿ ನಡುವಿನಿಂದ ಜೋಡಿಸತೊಡಗಿತ್ತು. ಅದೂ ಕೂಡದಾಗ ಕಾರ್ಡನ್ನೇ ತಿರುಗಿಸಿ ಇಟ್ಟುಕೊಂಡ. ಸೋತ ದಾರಿಯನ್ನು ಬಿಟ್ಟು ಹೊಸದನ್ನು ಹುಡುಕುವ ಮಗು ಮೊಂಡನಲ್ಲ. ಮೊಂಡನಾಗಿದ್ದರೆ ಅದೇ ಮೂಲೆಯಿಂದ ಅದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದ್ದ. ಇದು ಅಪ್ಪಟ ಛಲ. ತಂದೆಗೆ ನಾನು ಹೇಳಿದ್ದು ಇಷ್ಟೇ: ಇವನನ್ನು ಬಗ್ಗಿಸಬೇಡಿ, ಕೆಲಸ ಮುಗಿಸಲು ಇನ್ನು ಹತ್ತು ನಿಮಿಷ ಕೊಡಿ.

ಪಂಪ ತನ್ನ ಭಾರತದ ಕಥೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗುಣವನ್ನು ಆರಿಸಿಕೊಟ್ಟಾಗ ದುರ್ಯೋಧನನಿಗೆ ಸಂದದ್ದು ಛಲ, ಕರ್ಣನಿಗೆ ನನ್ನಿ, ಅಂದರೆ ಸತ್ಯ. ಎದುರಾಳಿಗೂ ಹಳಿಯುವ ಪದವನ್ನು ಕೊಡದೆ ಅವನಿಗೆ ಸಲ್ಲಬೇಕಾದ ಪದವನ್ನೇ ಕೊಟ್ಟ ಹತ್ತನೆಯ ಶತಮಾನದ ಆ ಕವಿಯ ನ್ಯಾಯಬುದ್ಧಿ ನನಗೆ ಬಹಳ ದೊಡ್ಡದೆನಿಸುತ್ತದೆ.

ಮಾತಾಡದ ಮಕ್ಕಳ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ನಾಚಿಕೆ, ಸಂಕೋಚ, ಅಂತರ್ಮುಖಿ ಸ್ವಭಾವ, ಬಿಗುಮಾನ ಎಲ್ಲವನ್ನೂ ‘ಸುಮ್ಮನಿರುತ್ತಾನೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ನಾಚಿಕೆ ಆ ಗಳಿಗೆಯದು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನಿಸಿದಾಗ ಬಂದು, ನೋಟ ಸರಿದಾಗ ಹೋಗುತ್ತದೆ. ಸಂಕೋಚದ ಮಗುವಿಗೆ ಸೇರುವ ಆಸೆ ತುಂಬಾ ಇರುತ್ತದೆ, ಕಾಲು ಮುಂದೆ ಬರುವುದಿಲ್ಲ. ಆಟದ ಮೈದಾನದ ಅಂಚಿನಲ್ಲಿ ನಿಂತರೂ ಅದರ ಕಣ್ಣು ಚೆಂಡಿನ ಜೊತೆಗೇ ಓಡುತ್ತಿರುತ್ತದೆ. ಅಂತರ್ಮುಖಿಯಾದ ಮಗು ಅದೇ ಅಂಚಿನಲ್ಲಿ ಕುಳಿತು ಮಣ್ಣಿನಲ್ಲಿ ಏನೋ ಬರೆಯುತ್ತಾ ಖುಷಿಯಾಗಿರುತ್ತದೆ. ಒಬ್ಬ ಗೆಳೆಯ ಸಿಕ್ಕರೆ ಗಂಟೆಗಟ್ಟಲೆ ಮಾತಾಡುತ್ತದೆ, ಗುಂಪಾದರೆ ದಣಿಯುತ್ತದೆ. ಬಿಗುಮಾನದ ಮಗುವಿಗೂ ಸೇರುವ ಆಸೆಯಿದೆ, ಆದರೆ ‘ಅವರೇ ಬಂದು ಕರೆಯಲಿ’ ಎಂದು ಕಾಯುತ್ತದೆ.

ಸಂಕೋಚಕ್ಕೆ ಬೇಕಾದದ್ದು ಮೆತ್ತಗಿನ ಒತ್ತಾಸೆ. ಅಂತರ್ಮುಖಿಗೆ ಅದೇ ಒತ್ತಾಸೆ ಹಿಂಸೆ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿ ದಶಕಗಳ ಕಾಲ ನಡೆಸಿದ ಅಧ್ಯಯನದಲ್ಲಿ, ಸುಮಾರು ಶೇ 15ರಷ್ಟು ಮಕ್ಕಳು ಹೊಸ ಜನ, ಹೊಸ ಜಾಗಕ್ಕೆ ನಿಧಾನವಾಗಿ ಹೊಂದಿಕೊಳ್ಳುವವರೆಂದು ಗುರುತಿಸಲಾಯಿತು. ಇದು ರೋಗವಲ್ಲ, ಸ್ವಭಾವದ ಒಂದು ಬಗೆ. ಸಮಯ ಕೊಟ್ಟರೆ ಇಂಥ ಮಕ್ಕಳು ತಾವಾಗಿಯೇ ಬೆರೆಯುತ್ತಾರೆ. ಆದರೆ ಶಾಲೆಗೆ ಹೊರಡುವಾಗ ದಿನವೂ ಹೊಟ್ಟೆನೋವು, ತರಗತಿಯಲ್ಲಿ ಹೆಸರು ಕರೆದರೆ ಮೈ ಬೆವರುವುದು, ತಿಂಗಳುಗಟ್ಟಲೆ ಇದೇ ಸ್ಥಿತಿ ಎಂದಾದರೆ ಅದನ್ನು ಸಂಕೋಚ ಎಂದು ತಳ್ಳಿಹಾಕಬಾರದು. ಅದು ಸಾಮಾಜಿಕ ಆತಂಕವಾಗಿರಬಹುದು, ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ.

ಕೋಪದ ಪದಗಳು ಇಷ್ಟು ತೊಡಕಿನವಲ್ಲ. ಮುಂಗೋಪಿಗೆ ಥಟ್ಟನೆ ಸಿಟ್ಟು ಬರುತ್ತದೆ, ಥಟ್ಟನೆ ಇಳಿಯುತ್ತದೆ. ಸಿಡುಕನ ಸಿಟ್ಟು ಸಣ್ಣದು, ಆದರೆ ದಿನವಿಡೀ ಇರುವಂಥದ್ದು. ಇದ್ದಕ್ಕಿದ್ದಂತೆ ಸಿಡುಕನಾದವನಿಗೆ ನಿದ್ದೆ ಸಾಲುತ್ತಿದೆಯೇ ಎಂದು ಮೊದಲು ಕೇಳುತ್ತೇನೆ.

1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಇಂಗ್ಲಿಷಿನ ದೊಡ್ಡ ನಿಘಂಟೊಂದರಿಂದ ಮನುಷ್ಯನನ್ನು ಬಣ್ಣಿಸುವ 17,953 ಪದಗಳನ್ನು ಆರಿಸಿ ನಾಲ್ಕು ಪಟ್ಟಿ ಮಾಡಿದರು. ಸ್ಥಿರವಾದ ಸ್ವಭಾವವನ್ನು ಹೇಳುವ ಪದಗಳು 4,504, ಬಂದುಹೋಗುವ ಮನಃಸ್ಥಿತಿಯವು 4,541. ಎಲ್ಲಕ್ಕಿಂತ ಉದ್ದವಾದದ್ದು, 5,226 ಪದಗಳಿದ್ದದ್ದು, ಒಬ್ಬರ ಬಗ್ಗೆ ಇನ್ನೊಬ್ಬರು ಕೊಡುವ ತೀರ್ಪಿನ ಪಟ್ಟಿ. ಉಳಿದವು ನಾಲ್ಕನೆಯದಕ್ಕೆ ಸೇರಿದವು. ಈ ಲೆಕ್ಕವನ್ನು ತಂದೆತಾಯಿಗೆ ನಾನು ಆಗಾಗ ಹೇಳುತ್ತೇನೆ. ನಾವು ‘ಸ್ವಭಾವ’ ಎಂದುಕೊಂಡು ಆಡುವ ಎಷ್ಟೋ ಪದಗಳು ನಿಜವಾಗಿ ನಮ್ಮ ಅಸಮಾಧಾನವನ್ನು ಹೇಳುತ್ತಿರುತ್ತವೆ. ‘ಅಧಿಕಪ್ರಸಂಗಿ’ ಎಂಬ ಪದದಿಂದ ಮಗುವಿನ ಬಗ್ಗೆ ತಿಳಿಯುವುದು ಕಡಿಮೆ, ಅದು ಕೇಳಿದ ಪ್ರಶ್ನೆ ನಮಗೆ ಕಿರಿಕಿರಿಯಾಯಿತು ಎಂಬುದು ಮಾತ್ರ ಖಚಿತವಾಗಿ ತಿಳಿಯುತ್ತದೆ.

ಇನ್ನೊಂದು ಸಂಗತಿ, ಪದ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಮನಃಶಾಸ್ತ್ರಜ್ಞ ಸಾಲೊಮನ್ ಆ್ಯಶ್ 1946ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಗುಂಪಿಗೆ ದಯಾಳು, ವಿವೇಕಿ, ಪ್ರಾಮಾಣಿಕ, ಶಾಂತ, ಬಲಶಾಲಿಯಾದ ಒಬ್ಬನ ಬಗ್ಗೆ ಹೇಳಿದರು. ಇನ್ನೊಂದು ಗುಂಪಿಗೆ ಹೇಳಿದ್ದು ಕ್ರೂರಿ, ಚಾಣಾಕ್ಷ, ನೀತಿಗೆಟ್ಟವ, ಶಾಂತ, ಬಲಶಾಲಿಯಾದವನ ಬಗ್ಗೆ. ‘ಶಾಂತ’ಕ್ಕೆ ಸಮಾನ ಪದ ಕೇಳಿದಾಗ ಮೊದಲನೆಯವರು ಸೌಮ್ಯ, ನೆಮ್ಮದಿಯವ ಎಂಬ ಅರ್ಥದ ಪದಗಳನ್ನು ಕೊಟ್ಟರೆ, ಎರಡನೆಯವರು ಭಾವಶೂನ್ಯ, ಲೆಕ್ಕಾಚಾರದವ ಎಂಬ ಅರ್ಥದವನ್ನು ಕೊಟ್ಟರು. ತರಗತಿಯಲ್ಲೂ ಹೀಗೆಯೇ ಆಗುತ್ತದೆ. ಜಾಣ ಎನಿಸಿಕೊಂಡ ಹುಡುಗ ಪ್ರಶ್ನೆ ಕೇಳಿದರೆ ಕುತೂಹಲ, ತುಂಟ ಎನಿಸಿಕೊಂಡವನು ಕೇಳಿದರೆ ಉದ್ಧಟತನ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಪದ ಯಾವುದೆಂದು ಕೇಳಿದರೆ ‘ಸೋಮಾರಿ’ ಎನ್ನುತ್ತೇನೆ. ನಿಧಾನಿಗೆ ಕೆಲಸದಲ್ಲಿ ಮನಸ್ಸಿದೆ, ವೇಗವಿಲ್ಲ. ಉದಾಸೀನನಿಗೆ ಆ ಕೆಲಸದಲ್ಲಿ ಅರ್ಥ ಕಾಣುತ್ತಿಲ್ಲ, ತನಗೆ ಬೇಕಾದ ಕೆಲಸಕ್ಕೆ ಅವನೇ ಮುಂಜಾನೆ ಎದ್ದು ಕೂರುತ್ತಾನೆ. ಮಾಡಬಲ್ಲ, ಮಾಡಬೇಕೆಂದು ಗೊತ್ತಿದೆ, ಆದರೂ ಶ್ರಮ ಬೇಡವೆಂದು ಮಾಡದವನೇ ಸೋಮಾರಿ. ಆ ‘ಮಾಡಬಲ್ಲ’ ಎಂಬುದನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಪುಸ್ತಕ ಕಂಡರೆ ಓಡುವ ಮಗುವಿಗೆ ಡಿಸ್‌ಲೆಕ್ಸಿಯಾ ಎಂಬ ಓದಿನ ತೊಡಕು ಇರಬಹುದು, ಕರಿಹಲಗೆಯೇ ಕಾಣದಿರಬಹುದು. ಸದಾ ಮಲಗಿರುವ ಹದಿಹರೆಯದ ಹುಡುಗಿಗೆ ರಕ್ತಹೀನತೆಯೋ ಥೈರಾಯ್ಡ್ ಕೊರತೆಯೋ ಖಿನ್ನತೆಯೋ ಇರಬಹುದು. ಆದ್ದರಿಂದ ಯಾರಾದರೂ ಮಗುವನ್ನು ಸೋಮಾರಿ ಎಂದು ಕರೆತಂದರೆ ಕಣ್ಣು, ಕಿವಿ, ರಕ್ತದ ತಪಾಸಣೆಗೆ ಬರೆದುಕೊಡುತ್ತೇನೆ, ಓದುವ ಬರೆಯುವ ಸಾಮರ್ಥ್ಯವನ್ನು ನಾನೇ ಪರೀಕ್ಷಿಸುತ್ತೇನೆ, ಮನಸ್ಸಿನ ಸ್ಥಿತಿಯನ್ನು ಮಗುವಿನ ಜೊತೆ ಒಬ್ಬಳೇ ಕುಳಿತು ವಿಚಾರಿಸುತ್ತೇನೆ. ಅದೆಲ್ಲ ಮುಗಿಯುವವರೆಗೆ ಮನೆಯಲ್ಲೂ ಶಾಲೆಯಲ್ಲೂ ಆ ಪದವನ್ನು ಬಳಸಬೇಡಿ ಎಂದು ಚೀಟಿಯಲ್ಲೇ ಬರೆದು ಕೊಡುತ್ತೇನೆ.