ಫ್ರಾನ್ಸ್‌ನ ಯಹೂದಿ ದ್ವೇಷ: ಕಾಣುವುದು ಎದುರು ಪಾಳೆಯದ್ದು ಮಾತ್ರ

2022ರಲ್ಲಿ ಫ್ರಾನ್ಸ್‌ನಲ್ಲಿ ಯಹೂದಿಗಳ ಮೇಲೆ ನಡೆದ ಹಲ್ಲೆ, ಬೆದರಿಕೆ, ಗೋಡೆಬರಹದಂಥ ಕೃತ್ಯಗಳು 436. ಮರುವರ್ಷ ಅದು 1,676ಕ್ಕೆ ಏರಿತು. ಅವುಗಳಲ್ಲಿ ಹೆಚ್ಚಿನವು ನಡೆದದ್ದು ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರದ ಮೂರು ತಿಂಗಳೊಳಗೆ. 2024ರಲ್ಲೂ ಸಂಖ್ಯೆ 1,570ರಷ್ಟಿತ್ತು. ಅಲ್ಲಿರುವ ಯಹೂದಿಗಳು ಸುಮಾರು ನಾಲ್ಕೂವರೆ ಲಕ್ಷ. ಯುರೋಪಿನಲ್ಲಿ ಅದೇ ಅತಿ ದೊಡ್ಡ ಯಹೂದಿ ಸಮುದಾಯ, ಆದರೂ ಫ್ರಾನ್ಸ್‌ನ ಜನಸಂಖ್ಯೆಯಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲ.

ಗಾಜಾ ಯುದ್ಧದಿಂದ ಹೀಗಾಯಿತು ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಆದರೆ ಅಲ್ಲಿನ ಯುದ್ಧಕ್ಕೆ ಪ್ಯಾರಿಸ್‌ನಲ್ಲಿರುವ ಒಬ್ಬ ಅಜ್ಜಿ ಯಾಕೆ ಉತ್ತರ ಕೊಡಬೇಕು? ಇದನ್ನು ಅರ್ಥ ಮಾಡಿಕೊಳ್ಳಲು ನೂರಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು. ಈ ಇತಿಹಾಸ ಓದುವಾಗ ನನಗೆ ಮತ್ತೆ ಮತ್ತೆ ಕಂಡದ್ದು ಒಂದೇ ಸಂಗತಿ. ಫ್ರಾನ್ಸ್‌ನ ಪ್ರತಿ ರಾಜಕೀಯ ಗುಂಪಿಗೂ ಎದುರಾಳಿಯ ಯಹೂದಿ ದ್ವೇಷ ಥಟ್ಟನೆ ಕಾಣುತ್ತದೆ. ತಮ್ಮ ಮನೆಯದ್ದು ಕಾಣುವುದೇ ಇಲ್ಲ.

1894ರಲ್ಲಿ ಆಲ್ಫ್ರೆಡ್ ಡ್ರೇಫಸ್ ಎಂಬ ಯಹೂದಿ ಸೇನಾ ಕ್ಯಾಪ್ಟನ್ ಜರ್ಮನಿಗೆ ಗುಟ್ಟು ಮಾರಿದನೆಂದು ಸೇನಾ ನ್ಯಾಯಾಲಯ ತೀರ್ಪು ಕೊಟ್ಟಿತು. ಆಜೀವ ಗಡಿಪಾರು. ಸಾಕ್ಷ್ಯ ಸುಳ್ಳಾಗಿತ್ತು, ನಿಜವಾದ ದ್ರೋಹಿ ಬೇರೆಯೇ ಇದ್ದ. ಇದನ್ನು ಬಲಪಂಥ ಮತ್ತು ಸೇನೆಯ ಪಾಪವೆಂದು ಎಲ್ಲರೂ ಓದುತ್ತೇವೆ, ಅದು ನಿಜವೂ ಹೌದು. ಆದರೆ ಸಮಾಜವಾದಿ ನಾಯಕ ಝಾನ್ ಜೋರೆಸ್ ಆಗ ಸಂಸತ್ತಿನಲ್ಲಿ ಆಡಿದ ಮಾತೇನು ಗೊತ್ತಾ? ಬಡ ಸಿಪಾಯಿ ಸಣ್ಣ ತಪ್ಪಿಗೂ ಗುಂಡಿಗೆ ಬಲಿಯಾಗುತ್ತಾನೆ, ಈ ಕ್ಯಾಪ್ಟನ್‌ಗೆ ಮರಣದಂಡನೆಯೇ ಇಲ್ಲವಲ್ಲ ಎಂದು! 1898ರ ಜನವರಿಯಲ್ಲಿ ಕಾದಂಬರಿಕಾರ ಎಮಿಲ್ ಜೋಲಾ ಡ್ರೇಫಸ್ ಪರವಾಗಿ ಪತ್ರಿಕೆಯಲ್ಲಿ ರಾಷ್ಟ್ರಾಧ್ಯಕ್ಷರಿಗೆ ಬಹಿರಂಗ ಪತ್ರ ಬರೆದಾಗಲೂ ಸಮಾಜವಾದಿ ಸಂಸದರು ಇದು ಶ್ರೀಮಂತರ ಒಳಜಗಳ, ಕಾರ್ಮಿಕರಿಗೆ ಸಂಬಂಧವಿಲ್ಲ ಎಂದರು. ಯಹೂದಿ ಎಂದರೆ ದುಡ್ಡು ಎಂಬ ಹಳೆಯ ನಂಬಿಕೆ ಅವರಲ್ಲೂ ಕೆಲಸ ಮಾಡುತ್ತಿತ್ತು. ಜೋರೆಸ್ ಅದೇ ವರ್ಷ ದಾಖಲೆಗಳನ್ನು ಓದಿ, ಮನಸ್ಸು ಬದಲಿಸಿ, ಡ್ರೇಫಸ್ ಪರವಾಗಿ ಸಾಲು ಸಾಲು ಲೇಖನ ಬರೆದರು. ಅವರ ಬಗ್ಗೆ ನನಗೆ ಗೌರವ ಇರುವುದು ಇದಕ್ಕೇ. 1906ರಲ್ಲಿ ಡ್ರೇಫಸ್ ನಿರ್ದೋಷಿ ಎಂದು ಅಂತಿಮವಾಗಿ ತೀರ್ಮಾನವಾಯಿತು.

ಮೂವತ್ತನಾಲ್ಕು ವರ್ಷಗಳ ನಂತರ ಸರ್ಕಾರವೇ ದ್ವೇಷಕ್ಕೆ ಇಳಿಯಿತು. ಜರ್ಮನಿಗೆ ಸೋತ ಫ್ರಾನ್ಸ್‌ನಲ್ಲಿ ಮಾರ್ಷಲ್ ಪೇತಾಂ ನಡೆಸಿದ ವಿಶಿ ಆಡಳಿತ 1940ರ ಅಕ್ಟೋಬರ್‌ನಲ್ಲಿ ಕಾಯ್ದೆ ತಂದು ಯಹೂದಿಗಳನ್ನು ಸರ್ಕಾರಿ ನೌಕರಿ, ಶಿಕ್ಷಣ, ಪತ್ರಿಕೆಗಳಿಂದ ಹೊರಹಾಕಿತು. 1942ರ ಜುಲೈ 16 ಮತ್ತು 17ರಂದು ಪ್ಯಾರಿಸ್ ಸುತ್ತಮುತ್ತ 13,000ಕ್ಕೂ ಹೆಚ್ಚು ಯಹೂದಿಗಳನ್ನು ಮನೆಗಳಿಂದ ಎಳೆದು ತಂದರು. ಅವರಲ್ಲಿ 4,000ಕ್ಕೂ ಜಾಸ್ತಿ ಮಕ್ಕಳು. ತಂದವರು ಜರ್ಮನ್ ಸೈನಿಕರಲ್ಲ, ಫ್ರಾನ್ಸ್‌ನದೇ ಪೊಲೀಸರು. ಸಾವಿರಾರು ಜನರನ್ನು ವೆಲ್ ದಿವ್ ಎಂಬ ಸೈಕಲ್ ರೇಸ್ ಕ್ರೀಡಾಂಗಣದಲ್ಲಿ ದಿನಗಟ್ಟಲೆ ಕೂಡಿಹಾಕಿದರು. ಯುದ್ಧ ಮುಗಿಯುವ ಹೊತ್ತಿಗೆ ಫ್ರಾನ್ಸ್‌ನಿಂದ ಸುಮಾರು 76,000 ಯಹೂದಿಗಳನ್ನು ನಾಜಿ ಶಿಬಿರಗಳಿಗೆ ಸಾಗಿಸಲಾಗಿತ್ತು. ಮರಳಿ ಬಂದವರು ಎರಡೂವರೆ ಸಾವಿರದಷ್ಟು. ಇದೇ ಕಾಲದಲ್ಲಿ ಲ ಶಾಂಬೋಂ ಎಂಬ ಬೆಟ್ಟದೂರಿನಂಥ ಕಡೆ ಸಾಮಾನ್ಯ ಜನ ಯಹೂದಿಗಳನ್ನು ಬಚ್ಚಿಟ್ಟು ಕಾಪಾಡಿದರು ಎಂಬುದನ್ನೂ ಹೇಳಲೇಬೇಕು. ದೇಶದ ಯಹೂದಿಗಳಲ್ಲಿ ಮುಕ್ಕಾಲು ಪಾಲು ಉಳಿದರು.

ಯುದ್ಧಕಾಲದಲ್ಲಿ ಲಂಡನ್ನಿನಿಂದ ಪ್ರತಿರೋಧ ನಡೆಸಿದ್ದ ದ ಗಾಲ್ ಯುದ್ಧದ ನಂತರ ಒಂದು ವಾದ ಕಟ್ಟಿದರು. ವಿಶಿ ನಿಜವಾದ ಫ್ರಾನ್ಸ್ ಅಲ್ಲ, ನಿಜವಾದ ಫ್ರಾನ್ಸ್ ಲಂಡನ್ನಿನಲ್ಲಿತ್ತು ಎಂದು. ಎಡಪಂಥದ ಅಧ್ಯಕ್ಷ ಮಿತ್ತೆರಾಂ ಕೂಡ ಗಣರಾಜ್ಯ ಕ್ಷಮೆ ಕೇಳುವ ಪ್ರಶ್ನೆಯೇ ಇಲ್ಲ ಎಂಬ ನಿಲುವಿಗೇ ಅಂಟಿಕೊಂಡರು. 1995ರ ಜುಲೈನಲ್ಲಿ ಬಲಪಂಥದ ಜಾಕ್ ಶಿರಾಕ್ ಮೊದಲ ಬಾರಿಗೆ ಇದು ಫ್ರಾನ್ಸ್ ಮಾಡಿದ ಅಪರಾಧ ಎಂದು ಒಪ್ಪಿಕೊಂಡರು. ಅಷ್ಟಕ್ಕೆ 53 ವರ್ಷ ಬೇಕಾಯಿತು.

1980ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ಕೊಪರ್ನಿಕ್ ಬೀದಿಯ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಹೊರಗೆ ಬಾಂಬ್ ಸಿಡಿದು ನಾಲ್ವರು ಸತ್ತರು. ಪ್ರಧಾನಿ ರೇಮಂಡ್ ಬಾರ್ ಸಂತಾಪ ಹೇಳುತ್ತಾ, ಸಿನಗಾಗಿಗೆ ಹೋಗುವ ಯಹೂದಿಗಳಿಗೆ ಗುರಿಯಿಟ್ಟ ಬಾಂಬ್ ರಸ್ತೆ ದಾಟುತ್ತಿದ್ದ ಅಮಾಯಕ ಫ್ರೆಂಚರಿಗೆ ತಗುಲಿತು ಎಂಬರ್ಥದ ಮಾತಾಡಿದರು. ಹಾಗಾದರೆ ಒಳಗೆ ಪ್ರಾರ್ಥನೆ ಮಾಡುತ್ತಿದ್ದವರು ಅಮಾಯಕರಲ್ವಾ, ಫ್ರೆಂಚರಲ್ವಾ? ಇನ್ನೊಂದು ಕಡೆ, ಇದು ನವನಾಜಿಗಳದೇ ಕೆಲಸ ಎಂದು ನಂಬಿ ಅಪಾರ ಜನ ಬೀದಿಗಿಳಿದರು. ತನಿಖೆ ತೋರಿಸಿದ ದಾರಿ ಬೇರೆ. 2023ರಲ್ಲಿ ಪ್ಯಾರಿಸ್ ನ್ಯಾಯಾಲಯ ಪ್ಯಾಲೆಸ್ತೀನಿ ಸಶಸ್ತ್ರ ಗುಂಪಿನ ನಂಟಿತ್ತೆಂದು ಆರೋಪ ಹೊತ್ತವನೊಬ್ಬನಿಗೆ, ಅವನ ಗೈರುಹಾಜರಿಯಲ್ಲಿ, ಶಿಕ್ಷೆ ವಿಧಿಸಿತು. 1990ರ ಮೇ ತಿಂಗಳಲ್ಲಿ ಕಾರ್ಪಾಂತ್ರಾ ಊರಿನ ಯಹೂದಿ ಸ್ಮಶಾನವನ್ನು ಹಾಳುಗೆಡವಿದವರು ಮಾತ್ರ ನವನಾಜಿಗಳೇ. ಆಗ ಮಿತ್ತೆರಾಂ ಸ್ವತಃ ಮೆರವಣಿಗೆಯಲ್ಲಿ ನಡೆದರು. ಎರಡು ತಿಂಗಳಲ್ಲಿ, 1990ರ ಜುಲೈನಲ್ಲಿ, ನಾಜಿ ನರಮೇಧ ನಡೆದೇ ಇಲ್ಲ ಎನ್ನುವುದನ್ನು ಅಪರಾಧವಾಗಿಸುವ ಗೇಸೋ ಕಾಯ್ದೆ ಬಂತು. ಜನಾಂಗ ದ್ವೇಷದ ಬಗ್ಗೆ ಪ್ರತಿ ವರ್ಷ ವರದಿ ಬರಬೇಕೆಂದು ಹೇಳಿದ್ದೂ ಅದೇ ಕಾಯ್ದೆ.

2000ದಲ್ಲಿ ಇಸ್ರೇಲ್ ವಿರುದ್ಧ ಪ್ಯಾಲೆಸ್ತೀನಿಯರ ಎರಡನೇ ದಂಗೆ, ಅಂದರೆ ಇಂತಿಫಾದಾ, ಶುರುವಾದ ಮೇಲೆ ಚಿತ್ರ ಬದಲಾಯಿತು. ವರ್ಷಕ್ಕೆ ನೂರರೊಳಗಿದ್ದ ಪ್ರಕರಣಗಳು ಏಳುನೂರು ದಾಟಿದವು. ಆಮೇಲೆ ಕೊಲೆಗಳು. 2006ರಲ್ಲಿ 23ರ ಯುವಕನೊಬ್ಬನನ್ನು ಅಪಹರಿಸಿ ಮೂರು ವಾರ ಹಿಂಸಿಸಿ ಕೊಂದರು. ಯಹೂದಿಗಳ ಬಳಿ ದುಡ್ಡಿರುತ್ತದೆ ಎಂಬುದೇ ಆ ಗ್ಯಾಂಗಿನ ಲೆಕ್ಕ. ಡ್ರೇಫಸ್ ಕಾಲದ ಅದೇ ನಂಬಿಕೆ! 2012ರಲ್ಲಿ ತುಲೂಸ್‌ನ ಯಹೂದಿ ಶಾಲೆಯಲ್ಲಿ ಮೂವರು ಮಕ್ಕಳು, ಒಬ್ಬ ಶಿಕ್ಷಕ. 2015ರ ಜನವರಿಯಲ್ಲಿ ಪ್ಯಾರಿಸ್‌ನ ಕೋಶರ್ (ಯಹೂದಿ ಆಹಾರ ನಿಯಮದ) ಅಂಗಡಿಯಲ್ಲಿ ನಾಲ್ವರು. ಯಹೂದಿಗಳಿಲ್ಲದ ಫ್ರಾನ್ಸ್ ಫ್ರಾನ್ಸೇ ಅಲ್ಲ ಎಂದು ಪ್ರಧಾನಿ ವಾಲ್ಸ್ ಸಂಸತ್ತಿನಲ್ಲಿ ಗುಡುಗಿದರು. ಸಿನಗಾಗು, ಶಾಲೆಗಳ ಮುಂದೆ ಸೈನಿಕರು ನಿಂತರು. ಆದರೂ ಆ ವರ್ಷ 7,000ಕ್ಕೂ ಹೆಚ್ಚು ಯಹೂದಿಗಳು ಫ್ರಾನ್ಸ್ ಬಿಟ್ಟು ಇಸ್ರೇಲ್‌ಗೆ ಹೋದರು.

ಈ ದಾಳಿಗಳನ್ನು ಮಾಡಿದವರಲ್ಲಿ ಕೆಲವರು ಜಿಹಾದಿಗಳು, ವಲಸೆ ಕುಟುಂಬಗಳಿಂದ ಬಂದವರು. ಎಡಪಂಥದ ಕೆಲವರಿಗೆ ಇದನ್ನು ಹೇಳುವುದೇ ಕಷ್ಟವಾಯಿತು. ಹೇಳಿದರೆ ಮುಸ್ಲಿಮರ ಮೇಲೆ ದ್ವೇಷ ಹೆಚ್ಚುತ್ತದೆ ಎಂಬ ಅಳುಕು. ಆ ಅಳುಕಿಗೆ ಕಾರಣ ಇಲ್ಲದಿಲ್ಲ, ಬಲಪಂಥ ಇದನ್ನೇ ಬಳಸಿಕೊಂಡಿತು. ಆದರೆ ಸುಮ್ಮನಿದ್ದದ್ದರಿಂದ ಯಹೂದಿಗಳಿಗೂ ನ್ಯಾಯ ಸಿಗಲಿಲ್ಲ, ಮುಸ್ಲಿಮರಿಗೂ ಸಿಗಲಿಲ್ಲ.

2018ರ ಮಾರ್ಚ್‌ನಲ್ಲಿ ವೆಲ್ ದಿವ್ ಬಂಧನದಿಂದ ಬಾಲ್ಯದಲ್ಲಿ ಪಾರಾಗಿದ್ದ 85ರ ವೃದ್ಧೆಯನ್ನು ಪ್ಯಾರಿಸ್‌ನ ಅವರ ಮನೆಯಲ್ಲೇ ಇರಿದು ಕೊಂದರು. ಮೌನ ಮೆರವಣಿಗೆಗೆ ಕಟ್ಟಾ ಬಲಪಂಥದ ಮರೀನ್ ಲೆ ಪೆನ್, ಕಟ್ಟಾ ಎಡಪಂಥದ ಮೆಲಾಂಶೋಂ ಇಬ್ಬರೂ ಬಂದರು. ಜನ ಇಬ್ಬರ ವಿರುದ್ಧವೂ ಕೂಗಿದರು. ಐದು ವರ್ಷ ಕಳೆದು, 2023ರ ನವೆಂಬರ್ 12ರಂದು ಪ್ಯಾರಿಸ್‌ನಲ್ಲಿ ಯಹೂದಿ ದ್ವೇಷದ ವಿರುದ್ಧ ಒಂದು ಲಕ್ಷಕ್ಕೂ ಹೆಚ್ಚು ಜನ ನಡೆದಾಗ ಲೆ ಪೆನ್ ಅವರೊಳಗೆ ಒಬ್ಬರಾಗಿದ್ದರು. ಮೆಲಾಂಶೋಂ ಬರಲಿಲ್ಲ. ಅಧ್ಯಕ್ಷ ಮ್ಯಾಕ್ರಾನ್ ಕೂಡ ಬರಲಿಲ್ಲ. ಲೆ ಪೆನ್ ಪಕ್ಷದ ಸ್ಥಾಪಕರಲ್ಲಿ ನಾಜಿಗಳ ಎಸ್‌ಎಸ್ ಪಡೆಯಲ್ಲಿದ್ದವನೊಬ್ಬನಿದ್ದ. ಅವರ ತಂದೆ 1987ರಲ್ಲಿ ಅನಿಲ ಕೋಣೆಗಳನ್ನು ಯುದ್ಧದ ಇತಿಹಾಸದ ಒಂದು ಚಿಕ್ಕ ವಿವರ ಎಂದವರು. 2017ರಲ್ಲಿ ಸ್ವತಃ ಮರೀನ್ ಅವರೇ ವೆಲ್ ದಿವ್‌ಗೆ ಫ್ರಾನ್ಸ್ ಹೊಣೆಯಲ್ಲ ಎಂದಿದ್ದರು. ಇತ್ತ ಮೆಲಾಂಶೋಂ 2024ರ ಜೂನ್‌ನಲ್ಲಿ, ಅಂಕಿಅಂಶಗಳು ಕಣ್ಣೆದುರೇ ಇರುವಾಗ, ಫ್ರಾನ್ಸ್‌ನಲ್ಲಿ ಉಳಿದಿರುವುದು ಯಹೂದಿ ದ್ವೇಷದ ಪಳೆಯುಳಿಕೆ ಮಾತ್ರ ಎಂಬಂತೆ ಬರೆದರು.

ಅದೇ ಜೂನ್‌ನಲ್ಲಿ ಸೆರ್ಜ್ ಕ್ಲಾರ್ಸ್‌ಫೆಲ್ಡ್ ಹೇಳಿದ ಮಾತು ನನ್ನನ್ನು ಬಹಳ ಕಾಡಿದೆ. ತಂದೆಯನ್ನು ಆಶ್ವಿಟ್ಜ್ ನಾಜಿ ಶಿಬಿರದಲ್ಲಿ ಕಳೆದುಕೊಂಡವರು. ಆ 76,000 ಜನರ ಹೆಸರುಗಳನ್ನು ಒಂದೊಂದಾಗಿ ಕಲೆಹಾಕಿದವರು, ನಾಜಿ ಅಪರಾಧಿಗಳನ್ನು ಬೆನ್ನಟ್ಟಿದವರು. ಎಡಪಂಥ ಮತ್ತು ಲೆ ಪೆನ್ ಪಕ್ಷದ ನಡುವೆ ಆಯ್ಕೆ ಮಾಡಬೇಕಾದರೆ ಲೆ ಪೆನ್ ಪಕ್ಷಕ್ಕೇ ಮತ ಹಾಕುತ್ತೇನೆ ಎಂದರು. ನಾನು ಇದನ್ನು ಒಪ್ಪುವುದಿಲ್ಲ. ಆದರೆ ಅಂಥ ಮನುಷ್ಯನನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ಯಾವುದು ಎಂದು ಎಡಪಂಥ ತನ್ನನ್ನು ತಾನೇ ಕೇಳಿಕೊಳ್ಳಬೇಕು.

ಇಸ್ರೇಲ್ ಸರ್ಕಾರವನ್ನು ಟೀಕಿಸುವುದು ಯಹೂದಿ ದ್ವೇಷವಲ್ಲ. ಗಾಜಾದಲ್ಲಿ ಸತ್ತ ಸಾವಿರಾರು ಮಕ್ಕಳಿಗಾಗಿ ಬೀದಿಗಿಳಿಯುವುದೂ ಅಲ್ಲ. ಗೆರೆ ಎಲ್ಲಿ ಎಳೆಯಬೇಕೆಂಬ ಜಗಳ ಮಾತ್ರ ಮುಗಿದಿಲ್ಲ. 2019ರ ಡಿಸೆಂಬರ್‌ನಲ್ಲಿ, ಇಸ್ರೇಲ್ ಕುರಿತ ಉದಾಹರಣೆಗಳೂ ಇರುವ, ಯಹೂದಿ ದ್ವೇಷ ಎಂದರೇನು ಎಂಬುದರ ಅಂತಾರಾಷ್ಟ್ರೀಯ ವ್ಯಾಖ್ಯೆಯನ್ನು ಬೆಂಬಲಿಸುವ ನಿರ್ಣಯಕ್ಕೆ ಸಂಸತ್ತಿನಲ್ಲಿ 154 ಮತ ಬಿದ್ದವು, ವಿರುದ್ಧ 72. ಉಳಿದ ಸಂಸದರಲ್ಲಿ ಹೆಚ್ಚಿನವರು ಮತ ಹಾಕಲೇ ಇಲ್ಲ. 2025ರಲ್ಲಿ ಬಂದ ಕಾಯ್ದೆಯೊಂದು ವಿಶ್ವವಿದ್ಯಾಲಯಗಳಲ್ಲಿ ಇಂಥ ದೂರುಗಳಿಗೆಂದೇ ಹೊಣೆಗಾರರನ್ನು ನೇಮಿಸಲು ಹೇಳಿದೆ. ಆದರೆ ವಿಶ್ವವಿದ್ಯಾಲಯದ ಹೊತ್ತಿಗೆ ತಡವಾಗಿರುತ್ತದೆ. 2024ರ ಜೂನ್‌ನಲ್ಲಿ ಪ್ಯಾರಿಸ್ ಹೊರವಲಯದಲ್ಲಿ 12 ವರ್ಷದ ಯಹೂದಿ ಬಾಲಕಿಯ ಮೇಲೆ ಅತ್ಯಾಚಾರ ನಡೆಯಿತು. ಚುನಾವಣೆಯ ವಾರಗಳವು, ಎಲ್ಲ ಪಕ್ಷಗಳೂ ಅದರ ಬಗ್ಗೆ ಮಾತಾಡಿದವು. ಸಿಕ್ಕಿಬಿದ್ದ ಹುಡುಗರ ವಯಸ್ಸು 12, 13.